ಇಶಾಡ ಮಾವಿನ ಮರದ ಚಗಳಿ: ಸುಡಬೇಕೆ, ಬಿಡಬೇಕೆ?

ಪ್ರಶ್ನೆ: ನಮ್ಮದು ಅಂಕೋಲಾ ಪೇಟೆಯಿಂದ ಸ್ವಲ್ಪ ಒಳಗಿರುವ ಹಳ್ಳಿ. ಹಿತ್ತಲಿನಲ್ಲಿ ಬಾವಿಕಟ್ಟೆಗೆ ತಾಗಿ ಹಳೆಯ ಕರಿ ಇಶಾಡ ಮಾವಿನ ಮರ, ಅದರಾಚೆ ನಾಲ್ಕು ಗೇರು ಮರ, ಒಂದು ಪೇರಲ, ಒಂದು ಚಿಕ್ಕು ಇವೆ. ಐದು ವರ್ಷಗಳಿಂದ ರಾಸಾಯನಿಕ ಗೊಬ್ಬರವನ್ನಾಗಲಿ ಔಷಧವನ್ನಾಗಲಿ ಹಾಕಿಲ್ಲ. ಈ ವರ್ಷ ಮಾವಿನ ಮರದ ತುಂಬ ಚಗಳಿ ಇರುವೆಯ ಕೊಟ್ಟೆಗಳಾಗಿವೆ (ಎಲೆಗಳನ್ನು ಹೊಲಿದು ಕಟ್ಟಿದ ಗೂಡುಗಳು). ಕೆಳಗಿನ ಎಲೆಗಳ ಮೇಲೆ ಮಸಿ ಬಳಿದಂತೆ ಕಪ್ಪು ಕೂತಿದೆ. ಚಗಳಿಯೇ ಎಲೆ ಹಾಳು ಮಾಡುತ್ತಿದೆ, ಹೂವನ್ನೂ ತಿನ್ನುತ್ತದೆ, ಸೂಡಿ (ಒಣಗರಿಯ ಪಂಜು) ಹಿಡಿದು ಸುಟ್ಟುಬಿಡಬೇಕು ಎಂಬುದು ಮಾವನವರ ಮಾತು. ಅಂಗಡಿಯಲ್ಲಿ ಕೇಳಿದಾಗ ಒಂದು ಬಿಳಿ ಪುಡಿಯ ಪೊಟ್ಟಣ ಕೊಟ್ಟರು. ಅದನ್ನು ಇನ್ನೂ ಒಡೆದಿಲ್ಲ. ಮಕ್ಕಳು ಪೇರಲ ಮರ ಹತ್ತಿ ಕಚ್ಚಿಸಿಕೊಂಡು ಅಳುತ್ತಾ ಬರುತ್ತಾರೆ. ಸಾವಯವ ಕ್ರಮದಲ್ಲಿ ಚಗಳಿಯನ್ನು ಓಡಿಸುವುದು ಹೇಗೆ, ಅಥವಾ ಓಡಿಸಲೇಬಾರದೆ? ಘಟ್ಟದ ಮೇಲಿನ ನಮ್ಮ ನೆಂಟರು ಇದರ ಚಟ್ನಿ ಮಾಡುತ್ತಾರೆ. ನಮ್ಮ ಮರದ ಕೊಟ್ಟೆಯಿಂದಲೂ ಮಾಡಬಹುದೆ?

ಉತ್ತರ: ಪೊಟ್ಟಣವನ್ನು ಒಡೆಯದೆ ಇಟ್ಟದ್ದು ಒಳ್ಳೆಯದಾಯಿತು; ಅಲ್ಲಿಂದಲೇ ಆರಂಭಿಸುತ್ತೇನೆ. ಇರುವೆ ಎಂದೊಡನೆ ಪುಡಿ ಎರಚುವ ರೂಢಿ ನಮ್ಮ ಕಡೆ ಬಿ.ಎಚ್.ಸಿ. ಎಂಬ ಕೀಟನಾಶಕ ಪುಡಿಯ ಕಾಲದಿಂದ ಬಂದದ್ದು. ಬಿ.ಎಚ್.ಸಿ.ಯನ್ನು ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಆಮೇಲೂ ಬಳಕೆಯಲ್ಲಿದ್ದ ಮೀಥೈಲ್ ಪ್ಯಾರಾಥಿಯಾನ್ ಮತ್ತು ಕಾರ್ಬರಿಲ್ ಪುಡಿಗಳೂ 2018ರ ಆದೇಶದಿಂದ ನಿಷಿದ್ಧವಾದವು. ನಿಮಗೆ ಕೊಟ್ಟದ್ದು ಯಾವುದೆಂದು ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಿಯೇ ತಿಳಿಯಬೇಕು. ಹೆಸರೇ ಇಲ್ಲದ ಬಿಡಿ ಪೊಟ್ಟಣವಾಗಿದ್ದರೆ ಕೊಟ್ಟ ಅಂಗಡಿಗೇ ಹಿಂದಿರುಗಿಸಿ. ಅದು ಯಾವ ಪುಡಿಯೇ ಆಗಲಿ, ಬಾವಿಕಟ್ಟೆಗೆ ತಾಗಿದ ಮರಕ್ಕೆ ಎರಚುವುದೂ ಬಾವಿಯ ನೀರಿಗೆ ಎರಚುವುದೂ ಹೆಚ್ಚುಕಡಿಮೆ ಒಂದೇ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಸುರಿಯುವ ಕರಾವಳಿಯಲ್ಲಿ ಎಲೆಯ ಮೇಲಿದ್ದದ್ದು ನೆಲಕ್ಕೆ ಇಳಿಯಲು ಒಂದು ಮಳೆ ಸಾಕು, ಚಿರೇಕಲ್ಲಿನ ನೆಲದ ತೂತುಗಳ ಮೂಲಕ ಅದು ಬಾವಿಯ ಸೆಲೆಗೆ ಸೇರಲು ಹೆಚ್ಚು ದಿನ ಬೇಕಾಗುವುದಿಲ್ಲ.

ಇನ್ನು ಚಗಳಿಯ ಮೇಲಿರುವ ಆರೋಪ. ಚಗಳಿ ಎಲೆಯನ್ನು ತಿನ್ನುವುದಿಲ್ಲ, ಹೂವನ್ನೂ ತಿನ್ನುವುದಿಲ್ಲ. ಕೆಲವು ಕಡೆ ಸವಳಿ ಎಂದೂ ಕೆಲವು ಕಡೆ ಕೆಂಜಿಗ ಎಂದೂ ಕರೆಯುವ ಈ ಇರುವೆ ಹುಳುಹುಪ್ಪಟೆಗಳನ್ನು ಬೇಟೆಯಾಡಿ ತಿನ್ನುತ್ತದೆ, ಸಿಹಿಯನ್ನು ನೆಕ್ಕುತ್ತದೆ. ಎಲೆ ಅದಕ್ಕೆ ಬೇಕಾಗಿರುವುದು ಮನೆ ಕಟ್ಟಲು ಮಾತ್ರ. 1775ರಲ್ಲಿ ಫ್ಯಾಬ್ರಿಷಿಯಸ್ ಎಂಬ ಕೀಟಶಾಸ್ತ್ರಜ್ಞ ಇದಕ್ಕೆ ಕೊಟ್ಟ ಸ್ಮರಗ್ಡಿನಾ ಎಂಬ ಹೆಸರಿಗೆ ಪಚ್ಚೆಯ ಬಣ್ಣದ್ದು ಎಂದು ಅರ್ಥ. ನಮ್ಮಲ್ಲಿಯ ಕೆಂಪು ಚಗಳಿಗೆ ಪಚ್ಚೆಯ ಹೆಸರೇಕೆ ಎಂದು ಅನ್ನಿಸಿದರೆ, ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ದೀಪದ ಸುತ್ತ ಕೆಲವೊಮ್ಮೆ ಬಂದು ಬೀಳುವ, ರೆಕ್ಕೆಯುಳ್ಳ ದಪ್ಪ ರಾಣಿಯನ್ನು ಗಮನಿಸಿ ನೋಡಿ. ಅದರ ಮೈ ಹಸಿರು ಛಾಯೆಯದು.

ಕೊಟ್ಟೆ ಕಟ್ಟುವುದನ್ನು ಒಮ್ಮೆ ನಿಂತು ನೋಡುವಂತೆ ಮಾವನವರಿಗೂ ಹೇಳಿ, ಏಕೆಂದರೆ ನೋಡಿದವರ ಕೈ ಸೂಡಿಗೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಮೊದಲು ಹತ್ತಾರು ಇರುವೆಗಳು ಒಂದು ಎಲೆಯ ಅಂಚನ್ನು ಹಿಂಗಾಲುಗಳಲ್ಲಿ ಹಿಡಿದು ಪಕ್ಕದ ಎಲೆಯನ್ನು ಬಾಯಿಯಿಂದ ಕಚ್ಚಿ ಎಳೆಯುತ್ತವೆ. ಎಲೆ ದೂರವಿದ್ದರೆ ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು ಸರಪಳಿಯಾಗುತ್ತವೆ. ಎರಡು ಅಂಚುಗಳು ಹತ್ತಿರ ಬಂದಾಗ ಇನ್ನು ಕೆಲವು ಇರುವೆಗಳು ಹಳೆಯ ಕೊಟ್ಟೆಯಿಂದ ಬಲಿತ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತರುತ್ತವೆ. ಮರಿಯ ತಲೆಯನ್ನು ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸಿದಾಗ ಅದರ ಬಾಯಿಂದ ರೇಷ್ಮೆಯಂಥ ಎಳೆ ಹೊರಬಂದು ಎಲೆಗಳನ್ನು ಹೊಲಿಯುತ್ತದೆ. ಅನೇಕ ಜಾತಿಯ ಇರುವೆಗಳ ಮರಿ ಈ ನೂಲಿನಿಂದ ತನ್ನ ಗೂಡನ್ನು ತಾನೇ ನೇಯ್ದುಕೊಳ್ಳುತ್ತದೆ. ಚಗಳಿಯ ಮರಿಯ ನೂಲೆಲ್ಲ ಊರಮನೆಗೇ ಖರ್ಚಾಗುವುದರಿಂದ ಅದರ ಕೋಶಾವಸ್ಥೆ ಬೆತ್ತಲೆಯಾಗಿಯೇ ಕಳೆಯುತ್ತದೆ. ಕೊಟ್ಟೆಯನ್ನು ಬಿಡಿಸಿದಾಗ ಅಕ್ಕಿಯ ಕಾಳಿನಂತೆ ಬೆಳ್ಳಗೆ ಉದುರುವುದು ಮೊಟ್ಟೆ ಮಾತ್ರವಲ್ಲ, ಹೆಚ್ಚಿನವು ಈ ಮರಿ ಮತ್ತು ಕೋಶಗಳು.

ಒಂದು ಕೊಟ್ಟೆ ಒಂದು ಸಂಸಾರ ಎಂದು ತಿಳಿಯುವುದು ತಪ್ಪು. ನಿಮ್ಮ ಮಾವಿನ ಮರದಲ್ಲಿರುವ ಅಷ್ಟೂ ಕೊಟ್ಟೆಗಳು, ಬಹುಶಃ ಗೇರು ಮರಗಳಲ್ಲಿರುವವೂ ಸೇರಿ, ಒಂದೇ ಕುಟುಂಬದವು. ಸಾಮಾನ್ಯವಾಗಿ ಅವುಗಳಲ್ಲಿ ಒಂದರಲ್ಲಿ ಮಾತ್ರ ರಾಣಿ ಇರುತ್ತದೆ. ಉಳಿದವು ಮರಿಗಳನ್ನು ಸಾಕುವ ಕೋಣೆಗಳು, ಗಡಿಯಲ್ಲಿರುವವು ಕಾವಲು ಮನೆಗಳು. ಗಡಿಯ ಕಾವಲಿಗೆ ಹೋಗುವುದು ಹೆಚ್ಚಾಗಿ ವಯಸ್ಸಾದ ಇರುವೆಗಳು. ಎಲೆ ಒಣಗಿ ಕಂದಾದ ಕೊಟ್ಟೆಯನ್ನು ಬಿಟ್ಟು ಅವು ಹೊಸದನ್ನು ಕಟ್ಟಿಕೊಳ್ಳುವುದರಿಂದ, ದೂರದಿಂದ ಎದ್ದು ಕಾಣುವ ಒಣ ಕೊಟ್ಟೆಗಳಲ್ಲಿ ಅನೇಕವು ಖಾಲಿಯಾಗಿಯೇ ಇರುತ್ತವೆ. ಮರದ ತುಂಬ ಎಂದು ನೀವು ಬರೆದ ಕೊಟ್ಟೆಗಳಲ್ಲಿ ಹಸಿರಾಗಿರುವವು ಎಷ್ಟು ಎಂಬುದನ್ನು ಒಮ್ಮೆ ಎಣಿಸಿ ನೋಡಿ.

ಹಾಗಾದರೆ ಎಲೆಯ ಮೇಲಿನ ಕಪ್ಪು ಎಲ್ಲಿಂದ ಬಂತು? ಚಗಳಿಯ ಮೇಲಿನ ಆರೋಪದಲ್ಲಿ ಅರ್ಧ ಸತ್ಯ ಇರುವುದು ಇಲ್ಲಿಯೇ. ಕಪ್ಪಾಗಿ ಕಾಣುವುದು ಒಂದು ಬಗೆಯ ಬೂಷ್ಟು. ಅದು ಎಲೆಯೊಳಗೆ ಇಳಿಯುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಬಿಟ್ಟುಬರುತ್ತದೆ, ಅಡಿಯಲ್ಲಿ ಎಲೆ ಹಸಿರಾಗಿಯೇ ಇರುತ್ತದೆ. ಅದು ಬೆಳೆಯುವುದು ಹಿಟ್ಟುತಿಗಣೆ, ಶಲ್ಕ ಕೀಟ, ಜಿಗಿಹುಳು ಮುಂತಾದ ರಸ ಹೀರುವ ಕೀಟಗಳು ವಿಸರ್ಜಿಸುವ ಸಿಹಿ ಅಂಟಿನ ಮೇಲೆ. ಆ ಅಂಟು ಮೇಲಿನ ಎಲೆಗಳ ಅಡಿಯಿಂದ ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕುವುದರಿಂದಲೇ ನಿಮ್ಮ ಮರದಲ್ಲಿ ಕಪ್ಪು ಕೆಳಗೆ ಹೆಚ್ಚಾಗಿದೆ. ತಪ್ಪಿತಸ್ಥರು ಇರುವುದು ಕಪ್ಪು ಎಲೆಯಲ್ಲಿ ಅಲ್ಲ, ಅದರ ಮೇಲಿನ ಕೊಂಬೆಯಲ್ಲಿ. ಎಲೆಯ ಅಡಿಭಾಗದ ನಡುನರದ ಉದ್ದಕ್ಕೂ, ಎಳೆಯ ರೆಂಬೆಯ ಸಂದುಗಳಲ್ಲಿ, ಹಲವು ಸಲ ಕೊಟ್ಟೆಯ ಒಳಗೇ ಅವು ಸಿಗುತ್ತವೆ.

ಕೊಟ್ಟೆಯ ಒಳಗೆ ಸಿಗುವುದಕ್ಕೆ ಕಾರಣವಿದೆ. ಸಿಹಿ ಅಂಟು ಚಗಳಿಗೂ ಬೇಕು. ಅದಕ್ಕಾಗಿ ಅವು ಶಲ್ಕ ಕೀಟಗಳನ್ನೂ ಹಿಟ್ಟುತಿಗಣೆಗಳನ್ನೂ ನಾವು ಹಟ್ಟಿಯಲ್ಲಿ ದನ ಸಾಕಿದಂತೆ ಸಾಕುತ್ತವೆ. ಅವುಗಳನ್ನು ತಿನ್ನಲು ಬರುವ ಗುಲಗಂಜಿ ಹುಳುಗಳನ್ನು ಓಡಿಸುತ್ತವೆ, ಅವುಗಳ ಮೈಯಲ್ಲಿ ಮೊಟ್ಟೆಯಿಡಲು ಬರುವ ಸಣ್ಣ ಕಣಜಗಳನ್ನೂ ಹತ್ತಿರ ಬಿಡುವುದಿಲ್ಲ. ಆದ್ದರಿಂದ ಚಗಳಿ ಇರುವ ಮರದಲ್ಲಿ ಈ ಎರಡು ಕೀಟಗಳು ಸ್ವಲ್ಪ ಹೆಚ್ಚೇ ಇರುತ್ತವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಚಗಳಿಯನ್ನು ರೈತಮಿತ್ರ ಎಂದು ಹೊಗಳಿ ಬರೆಯುವವರು ಸಾಮಾನ್ಯವಾಗಿ ಈ ಮಾತನ್ನು ಬಿಟ್ಟುಬಿಡುತ್ತಾರೆ. ಅದು ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ಅದು ತನ್ನ ಸಂಸಾರ ನೋಡಿಕೊಳ್ಳುತ್ತದೆ. ಅದರಿಂದ ನಮಗೆ ಯಾವ ಮರದಲ್ಲಿ ಲಾಭ, ಯಾವ ಮರದಲ್ಲಿ ನಷ್ಟ ಎಂದು ಮರಮರಕ್ಕೂ ಬೇರೆಯಾಗಿ ಲೆಕ್ಕ ಹಾಕುವುದು ನಮ್ಮ ಕೆಲಸ.

ಲಾಭದ ಲೆಕ್ಕ ಗೇರಿನಿಂದ ಆರಂಭವಾಗಲಿ, ಏಕೆಂದರೆ ಅಲ್ಲಿ ಅದು ಕಣ್ಣಿಗೆ ಕಾಣುತ್ತದೆ. ಮಳೆಗಾಲ ಮುಗಿದು ಅಕ್ಟೋಬರ್–ನವೆಂಬರಿನಲ್ಲಿ ಗೇರು ಚಿಗುರಿದಾಗ ಟೀ ಸೊಳ್ಳೆ ಎಂದು ಬೆಳೆಗಾರರು ಕರೆಯುವ ತಿಗಣೆ ಬರುತ್ತದೆ. ಅದು ಎಳೆ ಚಿಗುರಿಗೂ ಹೂಗೊಂಚಲಿಗೂ ಎಳೆ ಬೀಜಕ್ಕೂ ಸೂಜಿಮೂತಿ ಚುಚ್ಚಿ ರಸ ಹೀರುತ್ತದೆ. ಚುಚ್ಚಿದಲ್ಲೆಲ್ಲ ಕಪ್ಪು ಗಾಯವಾಗಿ ಗೊಂಚಲು ಬೆಂಕಿ ತಗುಲಿದಂತೆ ಒಣಗುತ್ತದೆ. ಚಗಳಿ ಓಡಾಡುವ ಗೇರಿನ ಮರದಲ್ಲಿ ಈ ತಿಗಣೆಗೆ ನಿಲ್ಲಲು ಜಾಗ ಸಿಗುವುದಿಲ್ಲ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಗೇರು ಮತ್ತು ಮಾವಿನ ತೋಪುಗಳಲ್ಲಿ ಇದೇ ಚಗಳಿಯನ್ನು ಬೇಕೆಂದೇ ಸಾಕಿ, ಔಷಧ ಸಿಂಪಡಣೆಯನ್ನು ಬಹಳಷ್ಟು ಕಡಿಮೆ ಮಾಡಿ ತೋರಿಸಿದ್ದಾರೆ. ನಾನೂ ಒಂದು ಕಾಲಕ್ಕೆ ಸೂಡಿ ಹಿಡಿದವನೇ. ಗೇರುಬೀಜ ಹೆಕ್ಕುವವರಿಗೆ ತೊಂದರೆ ಎಂದು ಒಂದು ವರ್ಷ ನಮ್ಮ ಬೇಲಿಯ ಅಷ್ಟೂ ಮರಗಳ ಕೊಟ್ಟೆಗಳನ್ನು ಸುಟ್ಟೆ. ಮುಂದಿನ ಹಂಗಾಮಿನಲ್ಲಿ ಆ ಮರಗಳ ಗೊಂಚಲುಗಳು ಒಣಗಿದ್ದನ್ನು ನೋಡಿದ ಮೇಲೆ ಮತ್ತೆ ಹಿಡಿಯಲಿಲ್ಲ. ಗೇರುಬೀಜವನ್ನು ಹೇಗಿದ್ದರೂ ನೆಲದಿಂದ ಹೆಕ್ಕುವುದು, ಮರ ಹತ್ತಿ ಕೊಯ್ಯುವುದಲ್ಲ ಎಂಬ ಸರಳ ವಿಷಯ ನನಗೆ ಅಂದು ಹೊಳೆದಿರಲಿಲ್ಲ.

ಮಾವಿನಲ್ಲಿ ದೊಡ್ಡ ಲಾಭ ಹಣ್ಣುನೊಣದಿಂದ ಸಿಗುವ ರಕ್ಷಣೆ. ಇಶಾಡ ಹಣ್ಣಾಗುವುದು ಮೇ ತಿಂಗಳಿನಲ್ಲಿ. ಮಳೆ ಮೊದಲೇ ಹನಿಸಿದ ವರ್ಷ ನೊಣದ ಕಾಟ ಎಷ್ಟೆಂಬುದು ನಿಮಗೆ ಗೊತ್ತೇ ಇದೆ. ಕರಿ ಇಶಾಡದ ಸಿಪ್ಪೆ ಬಿಳಿ ಇಶಾಡದ್ದಕ್ಕಿಂತ ತೆಳ್ಳಗೆ, ಆದ್ದರಿಂದ ನೊಣಕ್ಕೆ ಚುಚ್ಚುವುದೂ ಸಲೀಸು. 2023ರಲ್ಲಿ ಭೌಗೋಳಿಕ ಗುರುತು (ಜಿ.ಐ.) ಪಡೆದ ಈ ಹಣ್ಣನ್ನು ಹುಳುವಿನ ಸಮೇತ ಯಾರೂ ಕೊಳ್ಳುವುದಿಲ್ಲ. ಚಗಳಿ ಹಣ್ಣಿನ ಮೇಲೆ ನಡೆದಾಡಿ ಕೂತ ನೊಣವನ್ನು ಅಟ್ಟುತ್ತದೆ ಎಂಬುದು ಒಂದು. ಅದಕ್ಕಿಂತ ಮುಖ್ಯವಾದದ್ದು, ತನ್ನ ಗಡಿಯನ್ನು ಗುರುತಿಸಲು ಅದು ಎಲೆಯ ಮೇಲೂ ಹಣ್ಣಿನ ಮೇಲೂ ಬಿಟ್ಟ ವಾಸನೆ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಮಾವಿನ ತೋಪುಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಚಗಳಿಯ ಹತ್ತಿರದ ಸಂಬಂಧಿಯಾದ ಅಲ್ಲಿಯ ನೇಕಾರ ಇರುವೆ ಹೆಚ್ಚಿರುವ ಮರಗಳಲ್ಲಿ ಹಣ್ಣುನೊಣದ ಹಾವಳಿ ಗಣನೀಯವಾಗಿ ಕಡಿಮೆಯಿದ್ದದ್ದೂ, ಇರುವೆ ನಡೆದಾಡಿದ ಹಣ್ಣಿನಲ್ಲಿ ಮೊಟ್ಟೆಯಿಡಲು ನೊಣಗಳು ಹಿಂಜರಿದದ್ದೂ ಕಂಡುಬಂದಿದೆ. ಇದು ಹೊಸ ಅರಿವೂ ಅಲ್ಲ. ಕ್ರಿ.ಶ. 304ರದ್ದೆಂದು ಹೇಳಲಾಗುವ ಒಂದು ಚೀನೀ ಗ್ರಂಥದಲ್ಲಿ, ದಕ್ಷಿಣದ ಜನ ಕಿತ್ತಳೆ ಜಾತಿಯ ಮರಗಳನ್ನು ಕಾಯಲು ಈ ಇರುವೆಯ ಕೊಟ್ಟೆಗಳನ್ನು ಸಂತೆಯಲ್ಲಿ ಕೊಳ್ಳುತ್ತಿದ್ದರೆಂದು ಬರೆದಿದೆ. ಮರದಿಂದ ಮರಕ್ಕೆ ಇರುವೆ ದಾಟಲು ಬಿದಿರಿನ ಸೇತುವೆ ಕಟ್ಟುವ ರೂಢಿಯೂ ಅಲ್ಲಿ ಬೆಳೆಯಿತು.

ಎಲ್ಲವನ್ನೂ ಅದು ತಡೆಯುತ್ತದೆ ಎಂದು ಮಾತ್ರ ನಂಬಬೇಡಿ. ಕಾಂಡದೊಳಗೆ ಸುರಂಗ ಕೊರೆಯುವ ಹುಳು ಅದರ ಕೈಗೆ ಸಿಗುವುದಿಲ್ಲ. ಎಳೆಗಾಯಿಯಲ್ಲಿಯೇ ಒಳಸೇರಿ ಗೊರಟಿನಲ್ಲಿ ಕೂರುವ ಮೂತಿಹುಳುವಿನ ಮರಿಯೂ ಸಿಗುವುದಿಲ್ಲ. ಹೂ ಬಿಡುವ ಹೊತ್ತಿಗೆ ಜಿಗಿಹುಳು ವಿಪರೀತವಾದ ವರ್ಷ ಚಗಳಿಯೊಂದನ್ನೇ ನೆಚ್ಚಿ ಕೂರಬಾರದು. ಹಣ್ಣುನೊಣಕ್ಕೂ ಉದುರಿದ ಹಣ್ಣನ್ನು ದಿನಾ ಹೆಕ್ಕಿ ಎರಡಡಿ ಆಳದಲ್ಲಿ ಹುಗಿಯುವ ಕೆಲಸ ತಪ್ಪಿದ್ದಲ್ಲ. ಮಿಥೈಲ್ ಯೂಜಿನಾಲ್ ಬಲೆಯನ್ನು ಕಾಯಿ ಬಲಿಯುವ ಮೊದಲೇ ಕಟ್ಟಿದರೆ ಗಂಡು ನೊಣಗಳು ಅದರಲ್ಲಿ ಬೀಳುತ್ತವೆ.

ಹೂವಿನ ವಿಷಯದಲ್ಲಿ ಮಾವನವರ ಆತಂಕಕ್ಕೆ ಬೇರೊಂದು ರೀತಿಯಲ್ಲಿ ಆಧಾರವಿದೆ. ಚಗಳಿ ಹೂವನ್ನು ತಿನ್ನದಿದ್ದರೂ ಹೂವಿಗೆ ಬರುವ ನೊಣ, ಜೇನುಗಳನ್ನು ಹೆದರಿಸಬಲ್ಲದು, ಕೆಲವು ಜಾತಿಯ ಹಣ್ಣಿನ ಮರಗಳಲ್ಲಿ ಹೀಗಾಗುವುದು ಅಧ್ಯಯನಗಳಲ್ಲಿಯೂ ಕಂಡಿದೆ. ಮಾವಿನಲ್ಲಿ ನಾನು ಇದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಒಂದು ಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿದ್ದು ಕೊನೆಗೆ ನಿಲ್ಲುವುದು ಒಂದೋ ಎರಡೋ ಕಾಯಿ. ಅಷ್ಟಕ್ಕೆ ಬೇಕಾದ ನೊಣಗಳು ಹೇಗೋ ಬಂದುಹೋಗುತ್ತವೆ. ಹೂವಿಗೆ ನಿಜವಾದ ಅಪಾಯ ಸೂಡಿಯಿಂದ. ಮಾವು ಹೂ ಬಿಡುವುದು ಬಲಿತ ರೆಂಬೆಯ ತುದಿಯ ಮೊಗ್ಗಿನಿಂದ, ಚಗಳಿ ಕೊಟ್ಟೆ ಕಟ್ಟುವುದೂ ಎಲೆ ದಟ್ಟವಾಗಿರುವ ಅದೇ ರೆಂಬೆತುದಿಗಳಲ್ಲಿ. ಹತ್ತು ಕೊಟ್ಟೆ ಸುಟ್ಟರೆ ಸುತ್ತಮುತ್ತಲಿನ ನಲವತ್ತು–ಐವತ್ತು ತುದಿಗಳಾದರೂ ಬೆಂದುಹೋಗುತ್ತವೆ, ಇರುವೆಗಳು ಮಾತ್ರ ಬಹುಪಾಲು ಹೊರಗೆ ಹಾರಿ ಬದುಕುತ್ತವೆ, ರಾಣಿಯಿರುವ ಕೊಟ್ಟೆ ಸಾಮಾನ್ಯವಾಗಿ ಸೂಡಿಗೆ ಎಟುಕದ ಎತ್ತರದಲ್ಲಿಯೇ ಇರುತ್ತದೆ. ಎರಡು ತಿಂಗಳಿಗೆ ಚಗಳಿ ತಿರುಗಿ ಬಂದಿರುತ್ತದೆ, ಮೊಗ್ಗು ಆ ವರ್ಷ ಬರುವುದಿಲ್ಲ. ಮಾವನವರಿಗೆ ಬೇರೇನೂ ಹೇಳದಿದ್ದರೂ ಈ ಒಂದು ಮಾತನ್ನು ಹೇಳಿ.

ಈಗ ನಿಮ್ಮ ಹಿತ್ತಲಿಗೆ ಬರೋಣ. ಮಾವಿನಲ್ಲಿಯೂ ಗೇರಿನಲ್ಲಿಯೂ ಚಗಳಿ ಇರಲಿ. ಪೇರಲ ಮತ್ತು ಚಿಕ್ಕುವಿನಿಂದ ಅದನ್ನು ಹೊರಗಿಡಿ ಎಂಬುದು ನನ್ನ ಅಭಿಪ್ರಾಯ. ಪೇರಲಕ್ಕೆ ಹಿಟ್ಟುತಿಗಣೆಯೂ ಬೇಗ ತಗಲುತ್ತದೆ, ಮಕ್ಕಳೂ ಹತ್ತುತ್ತಾರೆ. ಚಿಕ್ಕುವನ್ನು ಕೈಯಿಂದಲೇ ಕೊಯ್ಯಬೇಕು. ಈ ಎರಡು ಮರಗಳಲ್ಲಿ ಚಗಳಿಯಿಂದ ಬರುವ ಲಾಭಕ್ಕಿಂತ ಉಪದ್ರವವೇ ಹೆಚ್ಚು.

ಹೊರಗಿಡುವ ಕ್ರಮ ಸುಲಭ, ಆದರೆ ಅದರಲ್ಲಿ ಒಂದು ಹೆಜ್ಜೆ ತಪ್ಪಿದರೂ ಉಳಿದದ್ದೆಲ್ಲ ವ್ಯರ್ಥ. ಮೊದಲು ಪೇರಲದ ಕೊಂಬೆಗಳು ಮಾವಿಗಾಗಲಿ ಬೇಲಿಗಾಗಲಿ ಬಟ್ಟೆ ಒಣಗಿಸುವ ಹಗ್ಗಕ್ಕಾಗಲಿ ತಾಗದಂತೆ ಸವರಿ. ಒಂದು ಎಲೆ ತಾಗಿದ್ದರೂ ಅವು ಅದನ್ನೇ ಸೇತುವೆ ಮಾಡಿಕೊಳ್ಳುತ್ತವೆ. ಅನಂತರ ಪೇರಲದಲ್ಲಿರುವ ಕೊಟ್ಟೆಗಳನ್ನು ತೆಗೆಯಬೇಕು. ಬೆಳಗಿನ ಜಾವದ ತಂಪಿನಲ್ಲಿ ಹೆಚ್ಚಿನ ಇರುವೆಗಳು ಒಳಗೇ ಇರುತ್ತವೆ. ಆಗ ಕೈಗೂ ಕುತ್ತಿಗೆಗೂ ಒಲೆಬೂದಿ ಚೆನ್ನಾಗಿ ತಿಕ್ಕಿಕೊಂಡು, ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೊಟ್ಟೆಯ ಕೆಳಗಿನಿಂದ ಮೇಲಕ್ಕೆ ಏರಿಸಿ, ಬಾಯಿ ಬಿಗಿದು ಆಮೇಲೆ ರೆಂಬೆ ಕತ್ತರಿಸಬೇಕು. ಬೂದಿ ಹಚ್ಚಿದ ಚರ್ಮದ ಮೇಲೆ ಇರುವೆಯ ಕಾಲು ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ. ಮರ ಹತ್ತುವವರು ಹಿಂದಿನಿಂದಲೂ ಮಾಡಿಕೊಂಡು ಬಂದ ಉಪಾಯ ಇದು.

ತೆಗೆದ ಕೊಟ್ಟೆಯನ್ನು ಗೇರಿನ ಮರಕ್ಕೆ ಕಟ್ಟಬಹುದು, ಆದರೆ ಅಲ್ಲಿರುವುದು ಇದೇ ಕುಟುಂಬವೇ ಎಂಬುದನ್ನು ಮೊದಲು ಪರೀಕ್ಷಿಸಿ. ಪೇರಲದ ನಾಲ್ಕೈದು ಚಗಳಿಗಳನ್ನು ಒಂದು ಕಡ್ಡಿಯ ಮೇಲೆ ಹತ್ತಿಸಿ ಗೇರಿನ ಸಾಲಿನ ಪಕ್ಕ ಬಿಡಿ. ಮೀಸೆ ತಾಗಿಸಿ ತಮ್ಮ ಪಾಡಿಗೆ ಮುಂದೆ ಹೋದರೆ ಅವು ಒಂದೇ ಮನೆಯವು. ಒಂದನ್ನೊಂದು ಕಚ್ಚಿ ಹಿಡಿದು ಹೊಟ್ಟೆ ಮಡಚಿದರೆ ಬೇರೆ ಕುಟುಂಬ. ಕೊಟ್ಟೆಯನ್ನು ಅಲ್ಲಿ ಕಟ್ಟಿದರೆ ಯುದ್ಧವಾಗುತ್ತದೆ. ಇಂಥ ಯುದ್ಧ ಕಾಯಿಯ ಮೇಲೆ ನಡೆದರೆ ಅವು ಚಿಮ್ಮಿಸುವ ಆಮ್ಲದಿಂದ ಸಿಪ್ಪೆಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳಾಗಿ ಹಣ್ಣಿನ ಅಂದ ಕೆಡುತ್ತದೆ. ಎರಡು ಕುಟುಂಬಗಳಿರುವ ಮರಗಳ ನಡುವೆ ಕೊಂಬೆ ಸವರಿ ಅಂತರ ಇಡುವುದು ಇದಕ್ಕಾಗಿಯೇ. ಒಂದೇ ಕುಟುಂಬದ ಮರಗಳ ನಡುವೆ, ಇದಕ್ಕೆ ತದ್ವಿರುದ್ಧವಾಗಿ, ಒಂದು ಕತ್ತದ ಹಗ್ಗ ಕಟ್ಟಿಕೊಟ್ಟರೆ ಅವು ನೆಲಕ್ಕಿಳಿಯದೆ ಓಡಾಡುತ್ತವೆ, ಬಾವಿಗೆ ಹೋಗುವವರ ಕಾಲಿಗೂ ಸಿಗುವುದಿಲ್ಲ. ಹಗ್ಗವನ್ನು ದಾರಿಯ ಮೇಲೆ ತಲೆಗಿಂತ ಸಾಕಷ್ಟು ಎತ್ತರದಲ್ಲಿ ಕಟ್ಟಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಕೊಟ್ಟೆ ತೆಗೆದಾದ ಮೇಲೆ ಪೇರಲದ ಕಾಂಡಕ್ಕೆ ಪಟ್ಟಿ ಕಟ್ಟಿ. ನೆಲದಿಂದ ಎರಡು–ಮೂರು ಅಡಿ ಮೇಲೆ ಒಂದು ಗೇಣು ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಸುತ್ತಿ, ತೊಗಟೆಯ ಬಿರುಕುಗಳಿಂದ ನುಸುಳದಂತೆ ಹಾಳೆಯ ಅಡಿಯಲ್ಲಿ ಹಳೆ ಬಟ್ಟೆ ತುರುಕಿ, ಮೇಲೆ ದಪ್ಪ ಗ್ರೀಸ್ ಬಳಿಯಬೇಕು. ಗ್ರೀಸನ್ನು ನೇರವಾಗಿ ತೊಗಟೆಗೆ ಬಳಿದರೆ ಅಲ್ಲಿ ತೊಗಟೆ ಸಾಯುತ್ತದೆ, ಹಾಗೆ ಮಾಡಬೇಡಿ. ಹದಿನೈದು ದಿನಕ್ಕೊಮ್ಮೆ ನೋಡಿ ಅಂಟಿದ ಕಸವನ್ನು ತೆಗೆಯಬೇಕು. ಉದುರಿದ ಎಲೆಯೊಂದು ಅಂಟಿಕೊಂಡರೂ ದಾರಿಯಾಯಿತು. ಕಾಂಡದ ಬುಡಕ್ಕೆ ಸುಣ್ಣ, ಬೂದಿ, ಅರಿಶಿನದ ಗೆರೆ ಎಳೆಯುವುದು ಬೇಸಿಗೆಯಲ್ಲಿ ನಾಲ್ಕು ದಿನ ನಡೆಯುತ್ತದೆ, ನಮ್ಮ ಮಳೆಯಲ್ಲಿ ನಾಲ್ಕು ನಿಮಿಷವೂ ನಿಲ್ಲುವುದಿಲ್ಲ. ಸೀಮೆಎಣ್ಣೆ ಸುರಿಯುವುದಂತೂ ಬೇಡವೇ ಬೇಡ.

ಮಾವಿನ ಮರದ ಕಪ್ಪು ಬೂಷ್ಟಿಗೆ ಮದ್ದು ಮಾಡಬೇಕಾದದ್ದು ಬೂಷ್ಟಿಗಲ್ಲ, ರಸ ಹೀರುವ ಕೀಟಕ್ಕೆ. ಕಪ್ಪು ಹೆಚ್ಚಾಗಿರುವ ಭಾಗದ ಮೇಲಿನ ಎರಡು–ಮೂರು ಕೊಂಬೆಗಳನ್ನು ಮಾತ್ರ ಗುರುತಿಸಿ. ಅಲ್ಲಿರುವ ಕೊಟ್ಟೆಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ತೆಗೆದು, ಒಳಗೊಳಗೇ ಒತ್ತಾಗಿ ಬೆಳೆದ ಬಡಕಲು ರೆಂಬೆಗಳನ್ನು ಸವರಿ, ಗಾಳಿ ಬೆಳಕು ಆಡುವಂತೆ ಮಾಡಿ. ಕೈಗೆ ಎಟುಕುವಲ್ಲಿ ಪಂಪಿನ ನೀರನ್ನು ಜೋರಾಗಿ ಎಲೆಯ ಅಡಿಗೆ ಹಾಯಿಸಿದರೆ ಹಿಟ್ಟುತಿಗಣೆಗಳಲ್ಲಿ ಬಹುಪಾಲು ಉದುರಿಹೋಗುತ್ತವೆ. ಉಳಿದದ್ದಕ್ಕೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಮೆದು ಸಾಬೂನಿನ ನೀರಿನಲ್ಲಿ ಕದಡಿ, ಬಿಸಿಲಿಳಿದ ಮೇಲೆ ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸಿ. ಹತ್ತು–ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ತೇಲುತ್ತಿದ್ದರೆ ಎಲೆ ಸುಟ್ಟಂತಾಗುತ್ತದೆ, ಆದ್ದರಿಂದ ಮೊದಲು ಎರಡು ಎಲೆಗಳ ಮೇಲೆ ಹೊಡೆದು ಮರುದಿನ ನೋಡಿ. ಹೂ ಬಿಟ್ಟಾಗ ಸಿಂಪಡಣೆ ಬೇಡ. ಕೀಟ ಹೋದ ಮೇಲೆ ಬೂಷ್ಟು ತಿನ್ನಲು ಅಂಟಿಲ್ಲದೆ ಒಣಗಿ ಪದರಪದರವಾಗಿ ಎದ್ದು, ಮಳೆಗೆ ತೊಳೆದುಹೋಗುತ್ತದೆ. ಎಲೆಯನ್ನು ಒಂದೊಂದಾಗಿ ಒರೆಸುತ್ತಾ ಕೂರಬೇಕಾಗಿಲ್ಲ.

ಬಾವಿಕಟ್ಟೆಯ ಮೇಲೆ ಚಾಚಿದ ಕೊಂಬೆ ಒಂದಿದ್ದರೆ ಅದನ್ನು ಈ ಮಳೆಗಾಲದ ನಂತರ ತೆಗೆಸಿ. ನೀರು ಸೇದುವವರ ಹೆಗಲ ಮೇಲೆ ಚಗಳಿ ಬೀಳುವುದೂ ನಿಲ್ಲುತ್ತದೆ, ಬಾವಿಗೆ ಎಲೆ ಬೀಳುವುದೂ ಕಡಿಮೆಯಾಗುತ್ತದೆ. ಮಾವಿನ ಕಾಯಿ ಕೀಳಲು ಬಲೆ ಕಟ್ಟಿದ ದೋಟಿ ಬಳಸಿ. ಮರ ಹತ್ತಲೇಬೇಕಾದರೆ ಹಿಂದಿನ ದಿನ ಆ ಕೊಂಬೆಯ ಕೊಟ್ಟೆಯೊಂದನ್ನು ತೆಗೆದರಾಯಿತು, ಇಡೀ ಮರವನ್ನು ಬರಿದು ಮಾಡಬೇಕಾಗಿಲ್ಲ. ಘಟ್ಟದ ಮೇಲೆ ಅಡಿಕೆ ತೋಟಗಳಲ್ಲಿ ಕೊನೆಗೌಡರು (ಅಡಿಕೆ ಗೊನೆ ಕೊಯ್ಯುವವರು) ಗೊನೆ ಇಳಿಸಲು ಬಂದಾಗ ಚಗಳಿಯ ಬಗ್ಗೆ ಮೊದಲೇ ಕೇಳಿಕೊಂಡು, ಆ ಭಾಗವನ್ನು ಕೊನೆಗೆ ಇಟ್ಟುಕೊಳ್ಳುವುದನ್ನು ನಾನು ನೋಡಿದ್ದೇನೆ.

ಮಕ್ಕಳ ವಿಷಯ. ಚಗಳಿಗೆ ಕುಟುಕುವ ಮುಳ್ಳಿಲ್ಲ. ಅದು ಕಚ್ಚಿ, ಕಚ್ಚಿದ ಗಾಯಕ್ಕೆ ಹೊಟ್ಟೆಯ ತುದಿಯಿಂದ ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ. ಉರಿ ಅದರದ್ದು. ಸಾಬೂನು ಹಚ್ಚಿ ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಶಮನವಾಗುತ್ತದೆ. ಕಣ್ಣಿಗೆ ಚಿಮ್ಮಿದರೆ ಮಾತ್ರ ಉಜ್ಜಲು ಬಿಡದೆ ಧಾರಾಳ ನೀರಿನಲ್ಲಿ ತೊಳೆದು ವೈದ್ಯರಿಗೆ ತೋರಿಸಿ; ಕಚ್ಚಿದ ಮೇಲೆ ಮುಖ ಊದಿಕೊಂಡರೆ, ಉಸಿರು ಕಟ್ಟಿದಂತಾದರೆ ಅದು ಒಗ್ಗದಿಕೆಯ (ಅಲರ್ಜಿಯ) ಲಕ್ಷಣ, ಆಗ ತಡಮಾಡಬಾರದು. ಇನ್ನು ಅಳು ನಿಂತ ಮೇಲೆ ಅವರನ್ನು ಮಾವಿನ ಮರದ ಹತ್ತಿರ, ಮುಟ್ಟದಷ್ಟು ದೂರದಲ್ಲಿ ನಿಲ್ಲಿಸಿ ಸಾಲನ್ನು ಗಮನಿಸಲು ಹೇಳಿ. ಸಾಲಿನ ಅಂಚಿನಲ್ಲಿ ಒಂಟಿಯಾಗಿ ತಡೆತಡೆದು ನಡೆಯುವ ಒಂದು ‘ಚಗಳಿ’ಗೆ ಎಂಟು ಕಾಲುಗಳಿದ್ದರೆ ಅದು ಇರುವೆಯಲ್ಲ, ಇರುವೆಯ ವೇಷ ಹಾಕಿದ ಜೇಡ, ಮುಂದಿನ ಎರಡು ಕಾಲುಗಳನ್ನು ಮೀಸೆಯಂತೆ ಎತ್ತಿ ಹಿಡಿದಿರುತ್ತದೆ. ಬೆಟ್ಟದ ಮತ್ತಿ ಮರದಲ್ಲಿ ಹುಡುಕಿದರೆ ಚಗಳಿಗಳು ಮುತ್ತಿಕೊಂಡಿದ್ದರೂ ನಿಶ್ಚಿಂತೆಯಿಂದ ಎಲೆ ಮೇಯುವ ಕಂಬಳಿಹುಳುವೂ ಸಿಗಬಹುದು, ಅದು ಓಕ್‌ಬ್ಲೂ ಎಂಬ ನೀಲಿ ಚಿಟ್ಟೆಯ ಮರಿ. ಸಿಹಿ ರಸ ಕೊಟ್ಟು ಚಗಳಿಯ ಕಾವಲು ಪಡೆಯುತ್ತದೆ.

ಒಂದು ಎಚ್ಚರಿಕೆ: ಮರದಲ್ಲಿ ಎಲೆಯ ಕೊಟ್ಟೆಯ ಬದಲು ಸೆಗಣಿಯ ಮುದ್ದೆಯಂತೆ ಕಂದು ಉಂಡೆ ಕಂಡರೆ ಅದು ಚಗಳಿಯದ್ದಲ್ಲ, ಬೇರೊಂದು ಕಪ್ಪಿರುವೆಯ ಗೂಡು. ಮೇಲಿನ ಮಾತುಗಳು ಅದಕ್ಕೆ ಅನ್ವಯಿಸುವುದಿಲ್ಲ. ಅದನ್ನೂ ಸುಡಬೇಡಿ, ಏಕೆಂದರೆ ಕಂದು ಮರಕುಟಿಗ ತನ್ನ ಮೊಟ್ಟೆಗಳನ್ನು ಇಡುವುದು ಅಂಥ ಗೂಡನ್ನು ಕೊರೆದೇ.

ಮಳೆಗಾಲದಲ್ಲಿ ಕೊಟ್ಟೆಗಳು ಹರಿದು, ಬೇಟೆಯೂ ಕಡಿಮೆಯಾಗಿ ಚಗಳಿಯ ಸಂಖ್ಯೆ ಇಳಿಯುತ್ತದೆ. ಗೇರಿನ ಚಿಗುರು ಬರುವ ಹೊತ್ತಿಗೆ ಅವು ತುಂಬಿಕೊಳ್ಳಬೇಕೆಂದಿದ್ದರೆ ಸೆಪ್ಟೆಂಬರಿನಿಂದ ವಾರಕ್ಕೊಮ್ಮೆ ಮೀನು ಹೆಚ್ಚಿದಾಗ ಉಳಿಯುವ ಕರುಳನ್ನು ಒಂದು ಗೆರಟೆಯಲ್ಲಿ ಹಾಕಿ ಗೇರಿನ ಕವಲಿನಲ್ಲಿ ಇಡಿ. ಬೆಕ್ಕಿಗೆ ಸಿಗದಷ್ಟು ಎತ್ತರದಲ್ಲಿ ಇಡುವ ಜಾಣತನ ನಿಮಗೆ ಬಿಟ್ಟದ್ದು. ನವೆಂಬರಿನಲ್ಲಿ ಪ್ರತಿ ಗೇರಿನ ಮುಖ್ಯ ಕೊಂಬೆಗಳನ್ನು ಎಣಿಸಿ, ಎಷ್ಟರ ಮೇಲೆ ಚಗಳಿಯ ಸಾಲು ಹರಿದಿದೆ ನೋಡಿ. ಅರ್ಧಕ್ಕಿಂತ ಹೆಚ್ಚು ಕೊಂಬೆಗಳಲ್ಲಿ ಸಾಲಿದ್ದರೆ ಆ ಮರಕ್ಕೆ ಕಾವಲು ಸಾಕಾಗುತ್ತದೆ. ಕಡಿಮೆಯಿದ್ದರೆ ಪಕ್ಕದ ಮರದಿಂದ ಹಗ್ಗ ಕಟ್ಟಿಕೊಡಿ.

ಕೊನೆಯದಾಗಿ ಚಟ್ನಿ. ಧಾರಾಳವಾಗಿ ಮಾಡಬಹುದು. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇದೇ ಇರುವೆಯ ಚಟ್ನಿಗೆ 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ನಮ್ಮ ಮಲೆನಾಡಿನ ಚಗಳಿ ಚಟ್ನಿಯೂ ಅದಕ್ಕೆ ಏನೂ ಕಡಿಮೆಯಿಲ್ಲ. ಬೇಸಿಗೆಯಲ್ಲಿ, ಮಳೆಗೆ ಮೊದಲು, ಬಿಳಿಯ ಮರಿಗಳು ತುಂಬಿರುವ ಕೊಟ್ಟೆ ಒಳ್ಳೆಯದು. ಪೇರಲದಿಂದಲೋ ಬಾವಿಯ ಮೇಲಿನ ಕೊಂಬೆಯಿಂದಲೋ ಹೇಗೂ ತೆಗೆಯಬೇಕಾದ ಕೊಟ್ಟೆಯನ್ನೇ ಆರಿಸಿಕೊಂಡು, ಕಾದ ಬಾಣಲೆಗೆ ಕೊಡವಿ ಹುರಿದು, ಎಲೆಚೂರು ಹೆಕ್ಕಿ, ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು, ಕಾಯಿತುರಿ ಸೇರಿಸಿ ಅರೆಯುತ್ತಾರೆ. ಹುಳಿ ಹಾಕಬೇಕಾಗಿಲ್ಲ, ಇರುವೆಯ ಆಮ್ಲವೇ ಸಾಕು. ಬೇವಿನೆಣ್ಣೆ ಹೊಡೆದ ಕೊಂಬೆಯ ಕೊಟ್ಟೆ ಕಹಿಯಾದೀತು, ಅದನ್ನು ಬಿಡಿ. ಸಿಗಡಿ ತಿಂದರೆ ಮೈ ತುರಿಸುವವರು ಮನೆಯಲ್ಲಿದ್ದರೆ ಅವರಿಗೆ ಇದೂ ಒಗ್ಗದೆ ಹೋಗಬಹುದು. ಬೇಲಿಯಾಚೆಯ ಮರಕ್ಕೆ ನೆರೆಯವರು ಪುಡಿ ಎರಚಿದ್ದಾರೋ ಇಲ್ಲವೋ ಎಂದು ಕೇಳದೆ ಆ ಮರದ ಕೊಟ್ಟೆಗೆ ಕೈ ಹಾಕಬೇಡಿ.